ಪಡಸಾಲೆಯ ಕಟ್ಟಿಗೆ ನೆಲ

“ಆ ಸಂದಿಗೆ ಸೆಗಣಿ ಮೆತ್ತಿದವರು ಯಾರು? ಬುದ್ಧಿ ನೆಟ್ಟಗ ಐತಿಲ್ಲೋ ಈ ಮನ್ಯಾಗ?”

“ನಾನಽ ಮೆತ್ತೇನಿ. ಗ್ವಾಡಿಗುಂಟ ಬೆರಳು ಹೋಗೂವಷ್ಟ ಸಂದಿ ಬಿಟ್ಟಿದ್ದಿ. ನಾಳೆ ಚೇಳ ಹೊಕ್ಕರ ನಿಮ್ಮಪ್ಪ ಬಂದ ತಗೀತಾನೇನ?”

ಬಡಗಿ ನಾಸಿರ ಕೈಯಲ್ಲಿದ್ದ ಬ್ರಷ್ಷನ್ನು ವಾರ್ನಿಶ್ ಡಬ್ಬಿಯ ಮೇಲೆ ಒಗೆದ. ಮುದುಕಿ ಶಟ್ಟೆವ್ವ ಕೆಮ್ಮಣ್ಣು ಹತ್ತಿದ ಕೈಯನ್ನು ಸೊಂಟದ ಮೇಲಿಟ್ಟುಕೊಂಡು ಜಗ್ಗದೆ ನಿಂತಳು. ಅವಳ ಮಗ ನಿಜಗುಣಪ್ಪ ಇಬ್ಬರ ನಡುವೆ ಸಿಕ್ಕು, ಜಗಳ ಬಿಡಿಸಲು ಹೋಗಿ ಎರಡೂ ಕಡೆ ಒದೆ ತಿಂದ ನಾಯಿಯ ಹಾಗೆ ಕಣ್ಣು ಪಿಳುಕಿಸುತ್ತಿದ್ದ.

ಕಟ್ಟಿಗೆ ಹಸಿ ಕುಡಿದರೆ ಹಿಗ್ಗುತ್ತದೆ, ಹಿಗ್ಗಲು ಗೋಡೆಯ ಬುಡದಲ್ಲಿ ಜಾಗ ಬೇಕು, ಆ ಜಾಗವನ್ನು ಕೊನೆಗೆ ಪಟ್ಟಿ ಬಡಿದು ಮುಚ್ಚುತ್ತೇನೆ ಎಂದು ನಾಸಿರ ಮೊದಲೇ ಹೇಳಿದ್ದ. ಶಟ್ಟೆವ್ವ ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ. ಅವಳು ಸೊಸೆಯಾಗಿ ಬಂದಾಗಿನಿಂದ ಆ ಮನೆಯ ಎಲ್ಲ ಸಂದಿಗಳಿಗೂ ಮದ್ದು ಒಂದೇ: ಸೆಗಣಿ, ಕೆಮ್ಮಣ್ಣು.

ನೆಲ ಅವತ್ತೇ ಮುಗಿಯಬೇಕಿತ್ತು. ನಿಜಗುಣಪ್ಪನ ಹೆಂಡತಿ ಸಿದ್ದಲಿಂಗವ್ವ ಮನೆಯಲ್ಲಿ ಕಲ್ಲಿನ ಮೇಲೆ ಜಾರಿ ಬಿದ್ದು, ಸೊಂಟ ಹಿಡಿದುಕೊಂಡು ಸಂಪಗಾಂವದ ತವರಿಗೆ ಹೋದವಳು ದೀಪಾವಳಿಗೂ ಬಂದಿರಲಿಲ್ಲ. ಇನ್ನೊಮ್ಮೆ ಬಿದ್ದರೆ ತಾನು ಏಳುವುದಿಲ್ಲ, ಮನೆ ಕಾಲಿಡುವ ಹಾಗಾದರೆ ಮಾತ್ರ ಬರುತ್ತೇನೆ ಎಂದು ಹೇಳಿ ಕಳಿಸಿದ್ದಳು. ಆ ಸಂಜೆಯ ಬಸ್ಸಿಗೆ ನೋಡಲು ಬರುವವಳಿದ್ದಳು. ಇತ್ತ ನಿಜಗುಣಪ್ಪ ತಾಯಿ ಬಡಿದ ರೊಟ್ಟಿಯನ್ನು ಸಾರಿನಲ್ಲಿ ನೆನೆಹಾಕಿ, ಅದು ಮೆತ್ತಗಾಗುವ ತನಕ ಹೆಂಡತಿಯನ್ನು ನೆನೆಯುತ್ತ ಕೂತಿರುತ್ತಿದ್ದ.

ಬೈಲಹೊಂಗಲ ಪೇಟೆಯಲ್ಲಿ ಅವನದು ಬಟ್ಟೆ ಅಂಗಡಿ. ಮಾಲು ತರಲು ಬೆಳಗಾವಿಗೆ ಹೋದಾಗ ದೊಡ್ಡ ಅಂಗಡಿಯೊಂದರಲ್ಲಿ ಕಟ್ಟಿಗೆಯ ನೆಲ ನೋಡಿ ಬಂದಿದ್ದ. ನಾಸಿರ ಮೊದಲ ದಿನ ಬಂದು, ನಿಮ್ಮ ಮನೆಯವರು ಬಿದ್ದ ಜಾಗ ತೋರಿಸಿರಿ ಎಂದರೆ, “ಅದು ಇರಲಿ, ಪಡಸಾಲಿ ಅಳತಿ ತಗೋ” ಎಂದಿದ್ದ. ಇದು ವಾಟರ್‌ಪ್ರೂಫ್ ನೆಲ, ಕೊಡಗಟ್ಟಲೆ ನೀರು ಸುರಿದರೂ ಏನೂ ಆಗುವುದಿಲ್ಲ ಎಂದು ಪೇಟೆಯಲ್ಲೆಲ್ಲ ಸಾರಿದ್ದೂ ಅವನೇ.

ನಾಸಿರ ಬೈಯುತ್ತಲೇ ಕೈಗೆ ಬಂದಷ್ಟು ಸೆಗಣಿ ಕೆರೆದ. ಉಳಿದದ್ದು ಆಳಕ್ಕೆ ಇಳಿದಿತ್ತು. ಕೊನೆಯ ಕೈ ವಾರ್ನಿಶ್ ಬಳಿದು, ಕಿಟಕಿ ಬಾಗಿಲು ತೆರೆದಿಡಲು, ಹತ್ತಿರ ಬೆಂಕಿ ತಾರದಿರಲು, ಸಂಜೆತನಕ ಯಾರೂ ಕಾಲಿಡದಿರಲು, ನೀರಂತೂ ಮುಟ್ಟಿಸದಿರಲು ಹೇಳಿದ. ಪಟ್ಟಿ ಬಡಿಯುವುದು ವಾರ್ನಿಶ್ ಆರಿದ ಮೇಲೆ ಎಂದ.

“ಇಷ್ಟರ ಮ್ಯಾಲ ಏನರ ಆದ್ರ ನನ್ನ ಕರೀಬ್ಯಾಡ್ರಿ ಮಾಲಕರ,” ಎಂದು ಸಾಮಾನು ಕಟ್ಟಿಕೊಂಡು ಹೋದ.

ಅವನು ಓಣಿ ದಾಟುವಷ್ಟರಲ್ಲಿ ಶಟ್ಟೆವ್ವ ಹೊಸ ನೆಲದ ಪೂಜೆಗೆಂದು ಕರ್ಪೂರ ಉರಿಯುವ ತಟ್ಟೆ ಹಿಡಿದು ಬಂದಳು. ವಾರ್ನಿಶ್ ಘಾಟಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಮನೆಯೇ ಹತ್ತಿಕೊಂಡೀತೆಂದು ಹೆದರಿದ ನಿಜಗುಣಪ್ಪ ಹಾರಿ ಬಂದು ಕರ್ಪೂರವನ್ನು ಬಾಯಿಂದ ಊದಿ ಆರಿಸಿದ. ದೇವರ ಆರತಿಗೆ ಉಗುಳು ಸಿಡಿಸಿದ ಮಗ ಹುಟ್ಟಿದನಲ್ಲ ಎಂದು ಶಟ್ಟೆವ್ವ ಕಟ್ಟೆಯ ಮೇಲೆ ಕೂತು ಇಡೀ ಓಣಿಗೆ ಕೇಳುವಂತೆ ಅಳತೊಡಗಿದಳು.

ಅಳು ಕೇಳಿ ಎದುರುಮನೆಯ ಲಗಮಣ್ಣ ಓಡಿ ಬಂದ. ಯಾರ ಮನೆಯಲ್ಲಿ ತಟ್ಟೆ ಬಿದ್ದರೂ ನ್ಯಾಯ ಮಾಡಲು ಬರುವ ಆಸಾಮಿ, ಎಮ್ಮೆಯಂಥ ಮೈ. ಕಾಯಿಪಲ್ಲೆಗೆ ನೀರು ಬಿಡುತ್ತಿದ್ದ ಕೆಸರುಗಾಲಿನಲ್ಲೇ ಪಡಸಾಲೆಯ ನಟ್ಟನಡುವೆ ಹೋಗಿ ನಿಂತ ಮೇಲೆ ಅವನಿಗೆ ಕಾಲು ಅಂಟುವುದು ತಿಳಿಯಿತು. ಹಸಿ ವಾರ್ನಿಶ್ ಮೇಲೆ ಕೆಸರಿನ ಹೆಜ್ಜೆಗಳು ಸಾಲಾಗಿ ಮೂಡಿದ್ದವು.

“ಅದಕ್ಯಾಕ ಅಷ್ಟ ಹೆದರತೀ? ಕೊಡಗಟ್ಟಲೆ ನೀರ ಹಾಕಿದ್ರೂ ಏನೂ ಆಗೂದಿಲ್ಲಂತ ನೀನಽ ಹೇಳಿದ್ದಿ. ತೊಳದ ಬಿಡು,” ಎಂದ ಲಗಮಣ್ಣ.

ಬಾಗಿಲಲ್ಲಿ ಓಣಿಯ ಮಂದಿ ಇಣುಕುತ್ತಿತ್ತು. ಬೇಡ ಎಂದರೆ ಪೇಟೆಯಲ್ಲಿ ಹೊಡೆದ ಬಡಾಯಿ ಸುಳ್ಳಾಗುತ್ತಿತ್ತು. ನಿಜಗುಣಪ್ಪ ತಾನೇ ಒಳಗಿನಿಂದ ಕೊಡ ತಂದು ಸುರಿದ. ಶಟ್ಟೆವ್ವ ಅಳು ನಿಲ್ಲಿಸಿ ಕಸಬರಿಗೆ ಹಿಡಿದಳು. ಹೆಜ್ಜೆ ಹೋಗಲಿಲ್ಲ, ವಾರ್ನಿಶ್ ಬೆಳ್ಳಗೆ ಒಡೆದ ಹಾಲಿನಂತಾಯಿತು. ನೀರು ಗೋಡೆಯ ಬುಡಕ್ಕೆ ಹರಿದು, ಸೆಗಣಿಯನ್ನು ನೆನೆಸಿ, ಹಲಗೆಯ ಅಡಿಗೆ ಇಳಿಯಿತು.

ಮಧ್ಯಾಹ್ನ ಕಳೆದ ಮೇಲೆ ಟಪ್ ಎಂದು ಸದ್ದಾಯಿತು. ಪಡಸಾಲೆಯ ನಡುವೆ ಹಲಗೆಗಳು ಎತ್ತಿನ ಹಿಣಿಲಿನ ಹಾಗೆ ಎದ್ದಿದ್ದವು. ಫೋನು ಮಾಡಿದರೆ ನಾಸಿರ, ಹಿಗ್ಗಿದ ಕಟ್ಟಿಗೆಗೆ ಸರಿಯಲು ಜಾಗವಿಲ್ಲದೆ ಮೇಲೆದ್ದಿದೆ, ಸೆಗಣಿ ಮೆತ್ತಿದವರನ್ನೇ ಕೇಳಿರಿ ಎಂದು ಇಟ್ಟುಬಿಟ್ಟ.

ಬಸ್ಸಿನ ಹೊತ್ತಾಗಿತ್ತು. ನಿಜಗುಣಪ್ಪ ಹಿಣಿಲಿನ ಮೇಲೆ, ಹೆಜ್ಜೆ ಕಲೆಗಳೂ ಮುಚ್ಚುವ ಹಾಗೆ ಜಮಖಾನೆ ಹಾಸಿ, ಲಗಮಣ್ಣನ ರಟ್ಟೆ ಹಿಡಿದು ಅದರ ಮೇಲೆ ಕೂಡಿಸಿದ. ಕೆಡಿಸಿದವನು ನೀನು, ನಾನು ಹೇಳುವ ತನಕ ಏಳಕೂಡದು ಎಂದ. ಲಗಮಣ್ಣನ ಭಾರಕ್ಕೆ ಹಲಗೆಗಳು ನರಳಿ ತಗ್ಗಿದವು.

ಸಿದ್ದಲಿಂಗವ್ವ ಬಗಲಲ್ಲಿ ಚೀಲ ಹಿಡಿದು ಬಂದಳು. ಜಮಖಾನೆಯ ಮೇಲೆ ಬೆವರುತ್ತ ಕೂತಿದ್ದ ಲಗಮಣ್ಣನಿಗೆ ತಲೆಬಾಗಿದಳು. ಬರಿಗಾಲಲ್ಲಿ ಹಲಗೆ ಒತ್ತಿ ನೋಡಿದಳು.

“ಚಲೋ ಆಗೇತಿ. ಕಾಲಿಗೆ ಬೆಚ್ಚಗ ಹತ್ತತೈತಿ.”

ನಿಜಗುಣಪ್ಪನ ಎದೆಯ ಮೇಲಿನ ಬಂಡೆ ಇಳಿಯಿತು. ಚಹಾ ಇಡು ಎಂದು ತಾಯಿಗೆ ಕೂಗಿದ. ಸಿದ್ದಲಿಂಗವ್ವ ಚೀಲ ಇಳಿಸದೆ ಗೋಡೆ ಹಿಡಿದುಕೊಂಡು ಹಿಂದಕ್ಕೆ, ಬಚ್ಚಲಿಗೆ ನಡೆದಳು. ಅವನೂ ಹಿಂದೆ ಹೋದ.

ಬಚ್ಚಲಿನ ಕಲ್ಲು ಹೇಗಿತ್ತೋ ಹಾಗೇ ಇತ್ತು. ಪಾಚಿ ಮಾತ್ರ ಇನ್ನಷ್ಟು ದಪ್ಪವಾಗಿತ್ತು.

“ನಾ ಬಿದ್ದದ್ದು ಇಲ್ಲೆ.”

“ಗೊತ್ತೈತಿ. ಆದ್ರ ಬಚ್ಚಲಾ ಯಾರ ನೋಡತಾರ? ನಾಕ ಮಂದಿ ಬಂದ ಕೂಡೂದು ಪಡಸಾಲ್ಯಾಗ.”

“ಹಂಗಾರ ಆ ನಾಕ ಮಂದೀನ ಇಟಗೊಂಡ ಇರ್ರಿ.”

ಅಷ್ಟೇ ಅಂದಳು. ಬಂದ ಹಾಗೆಯೇ ಗೋಡೆ ಹಿಡಿದುಕೊಂಡು ಪಡಸಾಲೆ ದಾಟಿ, ಕಟ್ಟೆ ಇಳಿದು, ಬಸ್ ನಿಲ್ದಾಣದ ಕಡೆ ತಿರುಗಿದಳು. ಕರೆಯಲು ನಿಜಗುಣಪ್ಪನ ಬಾಯಿ ತೆರೆಯಿತು. ಓಣಿಯ ಮಂದಿ ಇನ್ನೂ ನಿಂತಿದ್ದು ಕಂಡು ಮುಚ್ಚಿಕೊಂಡಿತು. ಸಂಪಗಾಂವದ ಬಸ್ಸಿನ ಹಾರ್ನು ಕೇಳಿತು, ಆಮೇಲೆ ಅದೂ ಕೇಳಲಿಲ್ಲ. ಸಿದ್ದಲಿಂಗವ್ವ ಆ ಮನೆಗೆ ಮತ್ತೆ ಬರಲಿಲ್ಲ.

ಜಮಖಾನೆಯ ಮೇಲಿಂದ ಲಗಮಣ್ಣ ಮೆಲ್ಲಗೆ ಕೇಳಿದ:

“ನಿಜಗುಣಪ್ಪ, ನಾ ಇನ್ನ ಏಳಲ್ಯಾ?”