ಕಂಬಳಿಗೆ ಅಂಟಿದ ಯುರೋಪು

ಯುರೋಪನ್ನು ಒಂದುಗೂಡಿಸಲು ಯುರೋಪಿನವರಿಗೇ ಆಗಿಲ್ಲ, ನಾನು ಒಂದು ಭಾನುವಾರದಲ್ಲಿ ಮಾಡಿ ತೋರಿಸುತ್ತೇನೆ ಎಂದು ಹೆಂಡತಿಯ ಮುಂದೆ ಘೋಷಿಸಿದ್ದು ಸಿಮ್ಲಾ ಒಪ್ಪಂದವಾದ ವರ್ಷ. ಹೊಸದುರ್ಗದ ಹೈಸ್ಕೂಲಿನಲ್ಲಿ ಚರಿತ್ರೆ ಹೇಳುವ ಮೇಷ್ಟ್ರು ನಾನು. ಮೊದಲನೇ ಮಹಾಯುದ್ಧವನ್ನು ಪುಸ್ತಕ ತೆರೆಯದೆ ನಡೆಸಬಲ್ಲವನು!

ಚಿತ್ರದುರ್ಗದ ಗುಜರಿ ಅಂಗಡಿಯಲ್ಲಿ ಬಿಳಿಯರ ಕಾಲದ ಒಂದು ಡಬ್ಬಿ ಸಿಕ್ಕಿತ್ತು. ಅದರ ತುಂಬ ಅಡ್ಡಾದಿಡ್ಡಿ ಕತ್ತರಿಸಿದ ತೆಳು ಮರದ ತುಂಡುಗಳು. ಸರಿಯಾಗಿ ಜೋಡಿಸಿದರೆ ಒಂದು ವ್ಯಂಗ್ಯಚಿತ್ರ. ಯುರೋಪಿನ ಮೀಸೆಯ ರಾಜರೆಲ್ಲ ಮೇಜಿನ ಸುತ್ತ ಕುಳಿತು ಭೂಗೋಳವನ್ನು ಕುಂಬಳಕಾಯಿಯಂತೆ ಹೋಳು ಮಾಡುತ್ತಿದ್ದಾರೆ. ಮೇಜಿನ ಮೇಲೆ ಕೈ ಕುಲುಕುತ್ತ ನಗು, ಕೆಳಗೆ ಬೂಟುಗಾಲಿನ ಒದೆತ. ಮೂಲೆಯಲ್ಲಿ ಅವರ ಒಪ್ಪಂದದ ಕಾಗದಗಳನ್ನೆಲ್ಲ ಹೊತ್ತು ನಿಂತ ಒಂದು ಕತ್ತೆ.

"ಮಧ್ಯಾಹ್ನಕ್ಕೆ ತುರುವನೂರಿಂದ ಬೀಗರು ಬರ್ತಾರೆ. ನಡುಮನೇಲಿ ಇದೇನ್ರಿ ಹರಡ್ಕಂಡು ಕುಂತೀರಿ?" ಎಂದಳು ಹೆಂಡತಿ ಅನ್ನಪೂರ್ಣ.

"ಅಷ್ಟರಲ್ಲಿ ಮುಗಿಸಿ ಗೋಡೆಗೆ ತಗಲಾಕ್ತೀನಿ. ಬೀಗರು ನೋಡಿ ಬೆರಗಾಗ್ಬೇಕು."

"ಮೊದ್ಲು ಮದ್ವೆ ಮಾತು ಮುಗೀಲಿ. ಆಮೇಲೆ ಬೆರಗಾಗ್ಲಿ."

ಅವಳ ಆತಂಕಕ್ಕೆ ಕಾರಣವಿತ್ತು. ನನ್ನ ತಂಗಿ ಏಕನಾಥಮ್ಮನನ್ನು ಹುಡುಗ ನೋಡಿ ಒಪ್ಪಿದ್ದ, ತಂಗಿಯೂ ಒಪ್ಪಿದ್ದಳು. ಮದುವೆ ಯಾರ ಊರಲ್ಲಿ ಎಂಬುದೊಂದೇ ಉಳಿದಿತ್ತು. ಹುಡುಗನ ತಂದೆ ಮುರುಗಪ್ಪನವರು ತುರುವನೂರೇ ಎನ್ನುತ್ತಿದ್ದರು, ನಾನು ಹೊಸದುರ್ಗವೇ ಎನ್ನುತ್ತಿದ್ದೆ. ಇದೇ ಹಟದಿಂದ ಹಿಂದೊಂದು ಸಂಬಂಧ ತಪ್ಪಿತ್ತು. ಇದೂ ತಪ್ಪಿದರೆ ತಂಗಿ ನನ್ನೊಡನೆ ಮಾತು ಬಿಡುವುದು ಖಂಡಿತವಾಗಿತ್ತು.

ಅಂತೂ ಯುರೋಪು ಒಂದಾಯಿತು. ಅದು ಮತ್ತೆ ಒಡೆಯದಿರಲು ನನಗೊಂದು ದಿವ್ಯ ಉಪಾಯ ಹೊಳೆಯಿತು. ನಮ್ಮ ಕಡೆ ಕಂಬಳಿ ನೇಯುವವರು ನೂಲಿಗೆ ಹುಣಸೆಬೀಜದ ಗಂಜಿ ಹಾಕುತ್ತಾರೆ. ಹಿಡಿದರೆ ಬಿಡದ ಅಂಟು. ಒಂದು ಪಾತ್ರೆ ಕಾಯಿಸಿ ಚಿತ್ರದ ಮೇಲೆ ಧಾರಾಳವಾಗಿ ಬಳಿದೆ. ರಾಜರು ಫಳಫಳ ಹೊಳೆದರು. ಅಷ್ಟರಲ್ಲಿ ಬಾಗಿಲಲ್ಲಿ ಕೆಮ್ಮು ಕೇಳಿಸಿತು. ಬೀಗರಿಗೆ ಬೇಗನೆ ಬಸ್ಸು ಸಿಕ್ಕಿಬಿಟ್ಟಿತ್ತು.

ಒದ್ದೆ ಯುರೋಪನ್ನು ಎತ್ತುವಂತಿಲ್ಲ, ಹಾಗೇ ಬಿಡುವಂತಿಲ್ಲ. ಹಿರಿಯರಿಗೆ ಕಂಬಳಿ ಹಾಸುವುದು ನಮ್ಮಲ್ಲಿ ಮರ್ಯಾದೆ. ಮರ್ಯಾದೆಯೂ ಆಯಿತು, ಚಿತ್ರವೂ ಅಡಗಿತು ಎಂದು ಕಂಬಳಿ ಎಳೆದು ಅದರ ಮೇಲೆ ಹಾಸಿದೆ. ಚಿತ್ರದ ಒಂದು ಮೂಲೆ ಮಾತ್ರ ಹೊರಗೆ ಇಣುಕುತ್ತಿತ್ತು. ಅದರ ಮೇಲೆ ನಾನೇ ಕುಳಿತೆ.

"ಬರ್ರಿ ಬೀಗರೇ, ಕುಂತ್ಕಳ್ರಿ."

ಮುರುಗಪ್ಪನವರು ಕುಳಿತು ಅತ್ತಿತ್ತ ಸರಿದಾಡಿದರು. "ಏನ್ ಮೇಷ್ಟ್ರೇ, ಕಂಬಳಿ ತಣ್ಣಗೈತಲ್ಲ?"

"ಹೊಸದುರ್ಗದ ನೆಲವೇ ತಂಪು. ಅದಕ್ಕೇ ಮದ್ವೆ ಇಲ್ಲೇ ಆಗ್ಲಿ ಅನ್ನೋದು."

"ನಮ್ಮೂರೇನು ಕಾದ ಹೆಂಚೇ?"

ಬಾಯಿತುಂಬ ಬೀಗರೇ, ಬೀಗರೇ ಎನ್ನುತ್ತಲೇ ಒಬ್ಬರನ್ನೊಬ್ಬರು ಚುಚ್ಚಿದೆವು. ಬಾಗಿಲ ಹಿಂದಿನಿಂದ ಅನ್ನಪೂರ್ಣ ಬಳೆ ಸದ್ದು ಮಾಡಿ ಎಚ್ಚರಿಸಿದಳು. ಚರಿತ್ರೆ ಮೇಷ್ಟ್ರು ಅಷ್ಟಕ್ಕೆಲ್ಲ ಜಗ್ಗುವುದುಂಟೇ? ಹೊತ್ತು ಇಳಿಯುವ ವೇಳೆಗೆ ಇಬ್ಬರ ಹಟವೂ ಗಟ್ಟಿಯಾಗಿತ್ತು, ಅಂಟೂ ಗಟ್ಟಿಯಾಗಿತ್ತು.

"ಇದು ಆಗಾಕಿಲ್ಲ ಬಿಡ್ರಿ. ನಾನು ಹೊರಟೆ," ಎಂದು ಮುರುಗಪ್ಪನವರು ಎದ್ದರು. ಅವರ ಪಂಚೆಗೆ ಅಂಟಿಕೊಂಡು ಕಂಬಳಿಯೂ ಎದ್ದಿತು. ಕಂಬಳಿಗೆ ಅಂಟಿಕೊಂಡು ಯುರೋಪೂ ಎದ್ದಿತು!

ಒಳಗಿನಿಂದ ಕಿಸಕ್ಕನೆ ಒಂದು ನಗು ಕೇಳಿಸಿತು, ನನ್ನ ತಂಗಿಯದು. ಮಾವನಾಗುವವರನ್ನು ನೋಡಿ ಹುಡುಗಿ ನಕ್ಕಳೆಂದರೆ ಸಂಬಂಧ ಮುಗಿದಂತೆಯೇ.

"ಏನಮ್ಮ ಅದು, ನನ್ ಹಿಂದ್ಗಡೆ?" ಎಂದು ಅವರು ತಿರುಗಿದರು. ಕಂಬಳಿಯೂ ತಿರುಗಿತು.

"ರಾಜ್ರು, ಮಾವ," ಎನ್ನುತ್ತ ಏಕನಾಥಮ್ಮ ಹೊರಬಂದು ಒಂದೊಂದೇ ತುಂಡು ಕಿತ್ತು ತೋರಿಸಿದಳು. "ಮೇಲೆ ಕೈ ಕುಲುಕ್ತಾರೆ, ಕೆಳಗೆ ಒದೀತಾರೆ."

ಮುರುಗಪ್ಪನವರು ತುಂಡುಗಳನ್ನು ನೋಡಿದರು, ನನ್ನನ್ನು ನೋಡಿದರು, ಹೊಟ್ಟೆ ಕುಣಿಸಿ ನಕ್ಕರು. "ಮೇಷ್ಟ್ರೇ, ನಾವು ಇಷ್ಟೊತ್ತು ಮಾಡಿದ್ದೂ ಇದೇ ಅಲ್ವೇನ್ರಿ? ಬರ್ರಿ, ಕೂಡಿಸಾಣ."

ನನ್ನದೊಂದು ಪಂಚೆ ಉಟ್ಟು ಅವರು ನೆಲಕ್ಕೆ ಕುಳಿತರು. ನಾವೂ ಸುತ್ತ ಕುಳಿತೆವು. ರಾಜರು ಒಬ್ಬೊಬ್ಬರಾಗಿ ಸಿಂಹಾಸನಕ್ಕೆ ಮರಳುತ್ತಿದ್ದಂತೆ ಅವರು ತಾವಾಗಿಯೇ ಹೇಳಿದರು: "ಮದ್ವೆ ಇಲ್ಲೇ ಮಾಡ್ರಿ, ಬೀಗರೂಟ ನಮ್ಮೂರಾಗೆ. ಆದ್ರೆ ಈ ಚಿತ್ರ ಪೂರ್ತಿ ಆಗೋಗಂಟ ನಾನು ವೀಳ್ಯ ಮುಟ್ಟಾಕಿಲ್ಲ. ಶುಭದ ಮಾತು ಆಡುವಾಗ ಕೈಲಿರೋ ಕೆಲಸ ಅರ್ಧಕ್ಕೆ ಬಿಡಬಾರ್ದು."

ಪೂರ್ತಿಯಾಗಲಿಲ್ಲ. ಮೂಲೆಯಲ್ಲಿ ಒಂದು ತುಂಡು ಕಾಣೆ. ಕತ್ತೆಗೆ ಮುಖವೇ ಇರಲಿಲ್ಲ. ಕಂಬಳಿ ಕೊಡವಿದೆವು, ಪಂಚೆ ಕೊಡವಿದೆವು. ಎಲೆ ಅಡಿಕೆಯ ತಟ್ಟೆ ಹಿಡಿದು ನಿಂತಿದ್ದ ತಂಗಿಯ ಮುಖ ಬಾಡಿತು. ಇಂಥ ಸಮಯದಲ್ಲಿ ವಿದ್ಯಾವಂತನೇ ಮುಂದಾಳಾಗಬೇಕಲ್ಲವೇ?

"ಹಿಂಗೆ ಸಿಕ್ಕಾಪಟ್ಟೆ ಹುಡುಕಿದ್ರೆ ಸಿಗೋದಿಲ್ಲ. ಕ್ರಮವಾಗಿ ಹುಡುಕೋದು ಹೇಗೆ ಅಂತ ನೋಡಿ ಕಲೀರಿ," ಎಂದು ನಾನು ಮಂಚದ ಕೆಳಗೆ ಬಗ್ಗಿದೆ.

ಬೆನ್ನ ಹಿಂದೆ ನಗು ಸಿಡಿಯಿತು. ಯಾರೋ ನನ್ನ ಪಂಚೆಯ ಹಿಂಭಾಗದಿಂದ ಏನನ್ನೋ ಪರ್ರನೆ ಕಿತ್ತರು.

"ತಟ್ಟೆ ಮುಂದಿಡೇ, ಏಕನಾಥಿ. ಕತ್ತೆ ಸಿಕ್ತು," ಎಂದಳು ಅನ್ನಪೂರ್ಣ.

"ಎಲ್ಲಿಗೆ ಹೋಗಿತ್ತಮ್ಮ?" ಎಂದು ಮುರುಗಪ್ಪನವರು ಕೇಳಿದರು.

"ಎಲ್ಲೂ ಹೋಗಿರ್ಲಿಲ್ಲ. ಅದರ ಜಾಗದಾಗೇ ಇತ್ತು."