ಇಲ್ಲ ಅನ್ನದ ಅಂಗಡಿ

ಅಂಗಡಿ ಇಟ್ಟವನ ಬಾಯಿಗೆ ಕೆಲಸ ಕೊಡುವುದು ಇರುವ ಮಾಲಲ್ಲ, ಇಲ್ಲದ ಮಾಲು. ಅದಕ್ಕೆ ಹೆಸರು ಒಂದೆರಡಲ್ಲ. ನಮ್ಮಪ್ಪ ‘ಸರಕು’ ಅನ್ನುತ್ತಿದ್ದರು, ರೈತರು ‘ಮಾಲು’ ಅನ್ನುತ್ತಾರೆ, ಇನ್‌ಸ್ಪೆಕ್ಟರು ‘ದಾಸ್ತಾನು’ ಅಂತ ಬರೆದುಕೊಳ್ಳುತ್ತಾರೆ, ಕಂಪನಿಯವರಿಗೆ ಅದು ‘ಸ್ಟಾಕು’. ಯಾವ ಹೆಸರಿನಿಂದ ಕರೆದರೂ ಗಿರಾಕಿ ಕೇಳಿದ ದಿನ ಅದು ಅಂಗಡಿಯಲ್ಲಿ ಇರುವುದಿಲ್ಲ.

ರಾಮನಗರದಲ್ಲಿ ನನ್ನದು ರೇಷ್ಮೆ ಸಾಕುವವರಿಗೆ ಬೇಕಾದ ಸಾಮಾನಿನ ಅಂಗಡಿ. ಎರಡು ಮಳಿಗೆ ಆಚೆ ಇನ್ನೊಬ್ಬನದೂ ಅದೇ ವ್ಯಾಪಾರ. ನಾನು ‘ಇಲ್ಲ’ ಅಂದರೆ ಗಿರಾಕಿ ಅಲ್ಲಿಗೆ ಹೋಗುತ್ತಾನೆ. ಅಲ್ಲಿ ಒಂದು ಸಲ ಕೂತು ಕಾಫಿ ಕುಡಿದವನು ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ಆದ್ದರಿಂದ ಆ ಮಾತು ಬಾಯಿಂದ ಬೀಳದಂತೆ ನೋಡಿಕೊಳ್ಳಬೇಕು.

ನಾಳೆ ಬರುವುದು

ಒಬ್ಬ ಅಜ್ಜಿ ಬ್ಲೀಚಿಂಗ್ ಪೌಡರ್ ಕೇಳಿಕೊಂಡು ಬಂದರು.

“ಸ್ಟಾಕ್ ಇಲ್ಲ ಅವ್ವ” ಅಂದೆ.

“ಇಲ್ಲ ಅನ್ನಕ್ಕೂ ಇಂಗ್ಲೀಷ್ ಬೇಕೇನಪ್ಪ?”

“ಬರೀ ಇಲ್ಲ ಅಂದ್ರೆ ಇಲ್ಲವೇ ಇಲ್ಲ ಅಂತ. ಸ್ಟಾಕ್ ಇಲ್ಲ ಅಂದ್ರೆ ನಾಳೆ ಬರುತ್ತೆ ಅಂತ.”

ಅಜ್ಜಿ ಕೈಚೀಲ ಮಡಚಿ ಕಂಕುಳಿಗೆ ಇಟ್ಟುಕೊಂಡರು. “ಹಂಗಾದ್ರೆ ನಮ್ಮನೆಯೋರಿಗೆ ಬುದ್ಧಿ ಸ್ಟಾಕ್ ಇಲ್ಲ ಅನ್ಬೋದಾ?”

“ಧಾರಾಳವಾಗಿ.”

“ಬ್ಯಾಡ ಬುಡಪ್ಪ. ನಾಳೆ ಬತ್ತದೆ ಅಂತ ನಲವತ್ತು ವರ್ಸ ಕಾದಿವ್ನಿ.”

ಓಡುವ ಮಾಲು

ಆಮೇಲೆ ‘ಇಲ್ಲ’ ಅನ್ನುವ ಪ್ರಸಂಗವೇ ಬರಬಾರದೆಂದು ಕಂಪನಿಯವನೊಬ್ಬನ ಮಾತು ಕೇಳಿ, ರೇಷ್ಮೆ ಹುಳು ಕೊಲ್ಲುವ ಊಜಿ ನೊಣ ತಡೆಯುವ ಬಲೆಯನ್ನು ಸೂರು ಮುಟ್ಟುವಷ್ಟು ತುಂಬಿಸಿಕೊಂಡೆ. ಒಂದೂ ಹೋಗಲಿಲ್ಲ. ಮಳೆಗಾಲ ಮುಗಿದ ಮೇಲೆ ಅವನು ನಗುತ್ತಾ ಬಂದ.

“ಹೇಗಿದೆ ಸಾರ್? ಓಡ್ತಿದೆಯಾ?”

“ಚೆನ್ನಾಗಿ ಓಡ್ತಿದೆ. ಸೂರು ಸೋರಿದಾಗಲೆಲ್ಲ ಈ ಮೂಲೆಯಿಂದ ಆ ಮೂಲೆಗೆ.”

ನಮ್ಮ ಗೋಡೌನು

ಕೊನೆಗೆ ನನಗೆ ಒದಗಿದ್ದು ‘ಗೋಡೌನ್’ ಎಂಬ ಮಾತು. ನನ್ನಲ್ಲಿಲ್ಲದ್ದನ್ನು ಯಾರಾದರೂ ಕೇಳಿದರೆ, “ಕೂತಿರಿ, ಗೋಡೌನಿಂದ ತರ್ತೀನಿ” ಅಂದು ಹಿಂಬಾಗಿಲಿಂದ ಹೊರಡುತ್ತಿದ್ದೆ. ಗೋಡೌನ್ ಅಂದರೆ ಬೇರೇನಲ್ಲ, ಆ ಇನ್ನೊಬ್ಬನ ಅಂಗಡಿ. ಅವನಿಗೆ ನನ್ನ ಅಂಗಡಿಯೇ ಗೋಡೌನು.

ಒಂದು ಬೆಳಿಗ್ಗೆ ಬೈರಾಪಟ್ಟಣದ ರೈತನೊಬ್ಬ ಏದುಸಿರು ಬಿಡುತ್ತಾ ಬಂದ. “ಸ್ವಾಮಿ, ಹುಳ ಹಣ್ಣಾಗ್ಬುಟ್ಟವೆ. ಇವತ್ತೇ ಚಂದ್ರಿಕೆಗೆ ಬುಡ್ಬೇಕು. ಹತ್ತು ಕಮ್ಮಿ ಬಿದ್ದವೆ.” ಹಣ್ಣಾದ ಹುಳು ಗೂಡು ಕಟ್ಟುವುದು ಚಂದ್ರಿಕೆ ಅನ್ನುವ ಆ ಬಿದಿರು ತಟ್ಟಿಯ ಮೇಲೆ. ಅದು ಸಿಗದಿದ್ದರೆ ತಿಂಗಳ ದುಡಿಮೆ ನೆಲದ ಪಾಲು.

“ಕೂತಿರಿ, ಗೋಡೌನಲ್ಲಿದೆ” ಅಂದೆ.

ಹಿಂದಿನ ಸಂದಿಯಲ್ಲಿ ಅರ್ಧ ದಾರಿ ನಡೆದಿದ್ದೆ, ಎದುರಿಗೆ ಆ ಅಂಗಡಿಯ ಮಹಾರಾಯನೇ ಬಂದ.

“ಎಲ್ಲಿಗೆ?” ಅಂದ.

“ನಿನ್ನಲ್ಲಿಗೇ. ಹತ್ತು ಚಂದ್ರಿಕೆ ಬೇಕಿತ್ತು.”

“ಅಯ್ಯೋ, ನಂಗೂ ಅದೇ ಕಣಯ್ಯ! ರೆಸಾರ್ಟಿನೋರು ಕೂತವ್ರೆ. ಗೋಡೌನಿಂದ ತತ್ತೀನಿ ಅಂತ ಬಂದೆ.”

ಇಬ್ಬರ ಗೋಡೌನೂ ಖಾಲಿ. ಗಿರಾಕಿಗೆ ಹೇಳಲು ಸುಳ್ಳೊಂದು ಹುಡುಕುತ್ತಾ ಇಬ್ಬರೂ ಸುತ್ತು ಹಾಕಿಕೊಂಡು ರಸ್ತೆಗೆ ಬಂದರೆ, ನಮ್ಮ ಗಿರಾಕಿಗಳಿಬ್ಬರೂ ಕಾದು ಬೇಸತ್ತು ಹೊರಗೆ ಬಂದು ಮಾತಿಗೆ ನಿಂತಿದ್ದರು.

“ನಿಮಗ್ಯಾಕ್ ಸ್ವಾಮಿ ಚಂದ್ರಿಕೆ? ಹುಳ ಸಾಕೀರಾ?” ಅಂತ ರೈತ.

“ಇಲ್ಲಪ್ಪ, ರೆಸಾರ್ಟ್ ಗೋಡೆಗೆ ಅಂದಕ್ಕೆ ಹಾಕೋಕೆ. ಈಗಾಗ್ಲೇ ಹದಿನೈದು ಹಾಕಿದೀವಿ, ಇನ್ನೊಂದು ಗೋಡೆ ಖಾಲಿ ಇದೆ.”

“ಹದಿನೈದಾ! ಐದು ದಿನಕ್ಕೆ ಹತ್ತು ಕೊಡಿ ಸ್ವಾಮಿ. ಗೂಡು ಬುಡುಸ್ಕಂಡು ನಾನೇ ತಂದು ನೇತಾಕ್ತೀನಿ.”

“ಹುಳ ಗೂಡು ಕಟ್ಟೋದನ್ನ ನಮ್ಮ ಗೆಸ್ಟುಗಳು ಬಂದು ನೋಡಬಹುದಾ?”

“ಕರ್ಕಂಡ್ ಬನ್ನಿ, ಬಸ್ಸಾರು ಮುದ್ದೆನೂ ಮಾಡುಸ್ತೀನಿ.”

ಇಬ್ಬರೂ ರೆಸಾರ್ಟಿನ ಜೀಪು ಹತ್ತಿದರು. ನಾನು ಓಡಿಹೋಗಿ, “ಒಂದು ನಿಮಿಷ ಇರ್ರಪ್ಪ, ಈಗ ತರಿಸ್ತೀನಿ” ಅಂದೆ.

ರೈತ ಜೀಪಿನಿಂದ ತಲೆ ಹೊರಗೆ ಹಾಕಿದ. “ತರ್ಸಿ ಸ್ವಾಮಿ, ಅವಸರ ಏನಿಲ್ಲ. ನೀವು ತರೋ ಹೊತ್ತಿಗೆ ನನ್ ಹುಳ ಸೀರೆ ಆಗಿರ್ತವೆ!”