ಬಿಸಿಲೂರಿಗೊಂದು ಬಟ್ಟೆ ಒಣಗಿಸುವ ಕಪಾಟು

ನನ್ನ ಸೋದರಮಾವನಿಗೆ ತಲೆ ಕೆಟ್ಟಿದೆ ಎಂದು ವಿಜಯಪುರದ ಜೋರಾಪುರ ಪೇಟೆಯಲ್ಲಿ ಯಾರೂ ಹೇಳುತ್ತಿರಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ ನೋಡಿ! ಸೂರ್ಯ ಪೂರ್ವಕ್ಕೆ ಹುಟ್ಟುತ್ತಾನೆ ಎಂದು ಯಾರಾದರೂ ಓಣಿ ಓಣಿಯಲ್ಲಿ ಡಂಗುರ ಹೊಡೆಸುತ್ತಾರೆಯೇ?

ಸೂರ್ಯನ ಮಾತು ಬಂತು, ಒಳ್ಳೆಯದೇ ಆಯಿತು. ನಮ್ಮ ವಿಜಯಪುರ, ಆಗ ಎಲ್ಲರ ಬಾಯಲ್ಲೂ ವಿಜಾಪುರ, ಬೇರೆ ಏನಕ್ಕೆ ಬಡವಾದರೂ ಬಿಸಿಲಿಗೆ ಬಡವಲ್ಲ. ಒಂದು ಧೋತರ ಹಿಂಡಿ ಹಗ್ಗಕ್ಕೆ ಹಾಕಿ, ಇನ್ನೊಂದನ್ನು ಹಿಂಡಿ ತಿರುಗುವಷ್ಟರಲ್ಲಿ ಮೊದಲಿನದು ಹಪ್ಪಳ! ಅಂಥ ಊರಿನಲ್ಲಿ, ಎಪ್ಪತ್ತರ ದಶಕದಲ್ಲಿ, ನಮ್ಮ ಮಾವ ಬಟ್ಟೆ ಒಣಗಿಸುವ ಯಂತ್ರ ಕಟ್ಟಲು ಕೂತ.

ಮಾವನಿಗೆ ಸ್ಟೇಷನ್ ರಸ್ತೆಯಲ್ಲಿ ತಗಡಿನ ಟ್ರಂಕುಗಳ ಅಂಗಡಿ. ಅವನು ಮಾಡಿದ ಟ್ರಂಕು ಎಷ್ಟು ಗಟ್ಟಿ ಎಂಬುದಕ್ಕೆ ನಮ್ಮ ಮನೆತನದಲ್ಲಿ ಒಂದು ಪುರಾಣವೇ ಇದೆ. ಬಬಲೇಶ್ವರದಲ್ಲಿ ನಮ್ಮ ಅಕ್ಕನ ಮದುವೆ. ಧಾರೆ ಸೀರೆ, ಬಳೆ, ಬಾಸಿಂಗ ಎಲ್ಲವನ್ನೂ ಮಾವ ತಾನೇ ಕೈಯಾರೆ ಮಾಡಿದ ಹೊಸ ಟ್ರಂಕಿನಲ್ಲಿಟ್ಟು ಬೀಗ ಜಡಿದು ತಂದ. ಕೀಲಿಕೈ ಮಾತ್ರ ವಿಜಾಪುರದ ಗೂಟಕ್ಕೆ ನೇತಾಡುತ್ತ ಉಳಿಯಿತು! ಅಕ್ಷತೆ ಬೀಳುವ ಹೊತ್ತು. ಗಂಡಿನ ಕಡೆಯ ಪೈಲ್ವಾನರು ಬಂದರು, ಕೊಡಲಿ ಬಂತು, ಹಾರೆ ಬಂತು. ಟ್ರಂಕು ಕಣ್ಣು ಪಿಳುಕಿಸಲಿಲ್ಲ. ಕೊನೆಗೆ ಅಕ್ಕ, ಮಾವನ ಹೆಂಡತಿಯಾದ ನಮ್ಮ ಅತ್ತೆಯ ಮೈಮೇಲಿನ ಇಳಕಲ್ ಸೀರೆ ಉಟ್ಟು ಹಸೆಗೇರಿದಳು. ಅತ್ತೆ ಯಾರದೋ ಹಳೆಯ ಸೀರೆ ಸುತ್ತಿಕೊಂಡು ಅಡುಗೆಮನೆಯಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡು ಕೂತಳು. ಇಡೀ ಮದುವೆಯಲ್ಲಿ ಹಲ್ಲು ಕಿರಿಯುತ್ತ ತಿರುಗಿದವನು ಮಾವನೊಬ್ಬನೇ.

"ನೋಡಿದ್ರೇನ್ರಿ? ಪೈಲ್ವಾನ್ರ ಕೈಲೂ ತಗಿಯಾಕ ಆಗಲಿಲ್ಲ! ಮಾಲ್ ಅಂದ್ರ ಇದು!"

ಇಂಥ ಮಾವನ ಮನೆಯಲ್ಲಿದ್ದುಕೊಂಡು ನಾನು ಹೈಸ್ಕೂಲು ಓದುತ್ತಿದ್ದೆ. ನಮ್ಮ ಊರು ತಿಕೋಟ. ಅಪ್ಪ ನನ್ನನ್ನು ಕಳಿಸಿದ್ದೇ ಅರೆಮನಸ್ಸಿನಿಂದ. ಆ ವರ್ಷ ಮಳೆಗಾಲ ಹಿಡಿದದ್ದೇ ತಡ, ನನಗೆ ಮೈ ಹುಷಾರಿಲ್ಲದಂತಾಯಿತು. ಪ್ರತಿ ತಿಂಗಳೂ ಜ್ವರ, ಪ್ರತಿ ತಿಂಗಳೂ ಶಾಲೆಗೆ ಚಕ್ಕರ್. ಏನಾಗಿದೆ ಎಂದು ಕೇಳಿದರೆ ನಾನು ಬಾಯಿ ಬಿಡುತ್ತಿರಲಿಲ್ಲ. ಅಪ್ಪನಿಂದ ಬಸ್ಸಿನ ಕಂಡಕ್ಟರನ ಬಾಯಲ್ಲಿ ಸಂದೇಶ ಬಂತು: "ಹಬ್ಬದ ತನಕ ನೋಡ್ತೀನಿ. ಹಿಂಗ ಜಡ್ಡ ಬೀಳೂದಾದ್ರ ಸಾಲಿ ಬಿಡಿಸಿ ಮನಿಗೆ ಕರಕೊಂಡ ಬರ್ತೀನಿ."

ಮನೆಯಲ್ಲಿ ಇಂಥ ಚಿಂತೆ ನಡೆದಿದ್ದಾಗ ಮಾವ ಒಂದು ಮುಂಜಾನೆ ಕೈಗಾಡಿಯ ತುಂಬ ತಗಡು ಹೇರಿಕೊಂಡು ಬಂದ. ಹಿತ್ತಲಿನ ಕೋಣೆಯಲ್ಲಿ ಠಕ್ ಠಕ್ ಶುರುವಾಯಿತು. ಆಳೆತ್ತರದ ತಗಡಿನ ಕಪಾಟು. ಒಳಗೆ ಬಟ್ಟೆ ಹಾಕಲು ಅಡ್ಡ ಸರಳುಗಳು. ಹೊರಗೆ ಒಂದು ಇದ್ದಿಲ ಒಲೆ, ಅದರ ಮೇಲಿನ ಬಿಸಿ ಗಾಳಿಯನ್ನು ಕಪಾಟಿನ ಬುಡಕ್ಕೆ ದೂಡಲು ಕೈಯಿಂದ ತಿರುಗಿಸುವ ಒಂದು ಪಂಖಾ. ಓಣಿಯವರೆಲ್ಲ ಬಂದು ಬಾಗಿಲಲ್ಲಿ ನಿಂತರು.

"ಏನ್ರಿ ಇದು, ದೇವರ ಮಂಟಪೇನು?" ಎಂದು ಎದುರು ಮನೆಯ ಕಿರಾಣಿ ಅಂಗಡಿಯ ಅಜ್ಜ ಕೇಳಿದ.

"ಅರಬಿ ಒಣಗಸೂ ಮಷೀನ್ರಿ. ಮಳಿಗಾಲದಾಗ ನನ್ನ ಧೋತ್ರ ಒಣಗವಲ್ದು."

"ಯಪ್ಪಾ, ವಿಜಾಪುರದಾಗ ಮಳಿಗಾಲ ಅಂದ್ರ ಅಷ್ಟೇನ್ ದೊಡ್ಡದಪಾ? ನೆಲಾ ತೋಯೂದ್ರಾಗ ಮುಗೀತದ. ಆ ತಗಡಿನ್ಯಾಗ ಒಂದ ಛತ್ರಿ ಮಾಡ್ಕೋ, ಸೂರ್ಯಾಗ ಹಿಡಿ!"

ಓಣಿಯೆಲ್ಲ ಗೊಳ್ಳೆಂದಿತು. ಮಾವನೂ ನಕ್ಕ. ಅವನು ನಗುವುದರಲ್ಲಿ ಯಾರಿಗೂ ಹಿಂದೆ ಬೀಳುವವನಲ್ಲ.

ಮೊದಲ ಪ್ರಯೋಗ. ಮಾವ ಮನೆಯಲ್ಲಿದ್ದ ಅಷ್ಟೂ ಧೋತರ, ಚಾದರ, ಕೌದಿಗಳನ್ನು ನೀರಿಗೆ ಅದ್ದಿ, ಹಿಂಡಿಯೂ ಹಿಂಡದಂತೆ ಒಳಗೆ ತುರುಕಿದ. ಹಬ್ಬದ ಬಸ್ಸಿನಲ್ಲಾದರೂ ಒಂದು ಕಾಲು ಇಡಲು ಜಾಗವಿರುತ್ತದೆ; ಆ ಕಪಾಟಿನಲ್ಲಿ ಒಂದು ಇರುವೆಗೂ ಜಾಗವಿರಲಿಲ್ಲ! ಪಂಖಾ ತಿರುಗಿಸಿ ತಿರುಗಿಸಿ ಅವನ ತೋಳು ಬಿದ್ದುಹೋಯಿತು. ಮಧ್ಯಾಹ್ನ ತೆರೆದರೆ ಎಲ್ಲ ಹಾಕಿದ ಹಾಗೇ ಹಸಿ.

"ಒಬ್ಬರ ಅಡಿಗಿ ಊರ ಮಂದಿಗೆ ಬಡಿಸಿದ್ರ ಹೊಟ್ಟಿ ತುಂಬತಾವೇನ್ರಿ?" ಎಂದಳು ಅತ್ತೆ. "ಛಂದಾಗಿ ಹಿಂಡ್ರಿ. ಸ್ವಲ್ಪ ಸ್ವಲ್ಪ ಹಾಕ್ರಿ."

ಮಾವ ಆ ಮಾತು ಕೇಳಿದ. ಎಲ್ಲ ಬಟ್ಟೆಯನ್ನೂ ನಾನು ಒಂದು ತುದಿ, ಅವನು ಒಂದು ತುದಿ ಹಿಡಿದು ಹುರಿ ಮಾಡಿ ಹಿಂಡಿದೆವು. ಅರ್ಧದಷ್ಟನ್ನೇ ಬಿಡಿಬಿಡಿಯಾಗಿ ಹಾಕಿದೆವು. ಆದರೆ ಬುದ್ಧಿವಂತಿಕೆ ಸುಮ್ಮನಿರಬೇಕಲ್ಲ! ಬಿಸಿ ಹೊರಗೆ ಹೋಗಿ ದಂಡವಾಗಬಾರದು ಎಂದು ಮಾವ ಕಪಾಟಿನ ಸಂದುಗೊಂದುಗಳಿಗೆಲ್ಲ ಚಿಂದಿ ತುರುಕಿ, ಮೇಲೆ ನಾದಿದ ಹಿಟ್ಟಿನ ಕಣಕ ಮೆತ್ತಿದ. ಸಂಜೆ ಬಾಗಿಲು ತೆಗೆದರೆ ಬುಸ್ಸೆಂದು ಹಬೆ ಮುಖಕ್ಕೆ ಬಡಿಯಿತು. ಧೋತರಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಸಂದಿನ ಕಣಕ ಮಾತ್ರ ಹದವಾಗಿ ಬೆಂದಿತ್ತು.

"ಅರಬಿ ಒಣಗಿಲ್ಲ, ಕಡಬು ಆಗ್ಯಾವ," ಎಂದಳು ಅತ್ತೆ. "ತುಪ್ಪ ತರಲೇನ್ರಿ?"

ಆ ಸಲ ಮಾವ ನಗಲಿಲ್ಲ. ನನಗೆ ಅಚ್ಚರಿಯಾದದ್ದು ಅಲ್ಲೇ. ಕೂತಲ್ಲಿ ಕೂರಲೊಲ್ಲ, ಉಂಡದ್ದು ಮೈಗೆ ಹತ್ತಲೊಲ್ಲದು. ಧೋತರಕ್ಕಾಗಿ ಯಾರಾದರೂ ಇಷ್ಟು ಕೊರಗುತ್ತಾರೆಯೇ?

ಕಪಾಟು ಯಾಕೆ ಒಣಗಿಸುತ್ತಿಲ್ಲ ಎಂಬ ಗುಟ್ಟು ತಿಳಿದದ್ದು ಬಸ್ಸಿನಲ್ಲಿ. ಮಮದಾಪುರದ ಗಿರಾಕಿಯೊಬ್ಬರಿಗೆ ಟ್ರಂಕು ಮುಟ್ಟಿಸಿ ನಾನು, ಅತ್ತೆ, ಮಾವ ತಿರುಗಿ ಬರುತ್ತಿದ್ದೆವು. ಬಬಲೇಶ್ವರ ದಾಟುವಾಗ ಮಳೆ ಬಡಿಯಿತು. ಎಲ್ಲರೂ ಕಿಟಕಿ ಮುಚ್ಚಿಕೊಂಡರು. ಒಳಗೆ ಜನ, ಕೋಳಿ, ಉಳ್ಳಾಗಡ್ಡಿ ಚೀಲ, ತೋಯ್ದ ಕಂಬಳಿ. ಎಲ್ಲರ ಹಣೆಯಲ್ಲೂ ಬೆವರು ಇಳಿಯುತ್ತಿತ್ತು, ಒರೆಸಿದಷ್ಟೂ ಇಳಿಯುತ್ತಿತ್ತು. ಕಡೆಗೆ ಒಬ್ಬ ಮುದುಕಿ, "ಸಾಯ್ತೀನ್ಯೋ ಯಪ್ಪಾ, ಒಂದೀಟ ಖಿಡಕಿ ತಗೀರಿ" ಎಂದು ತಾನೇ ತೆಗೆದಳು. ಅತ್ತ ಕಡೆಯವರೂ ಒಂದು ತೆಗೆದರು. ಗಾಳಿ ಈ ಕಡೆ ಬಂದು ಆ ಕಡೆ ಹೋಯಿತು. ಕ್ಷಣದಲ್ಲಿ ಎಲ್ಲರ ಮೈ ಆರಿತು.

ಮಾವ ಧಡಕ್ಕನೆ ಎದ್ದು ನಿಂತ. ತಲೆ ಮೇಲಿನ ಸರಳಿಗೆ ಬಡಿದು ಠಣ್ಣೆಂದಿತು.

"ಹೋಗಾಕ ದಾರಿ ಇಲ್ಲಲೇ ಅದಕ! ಹೋಗಾಕ ದಾರಿ ಇಲ್ಲ!"

ಕಂಡಕ್ಟರ್ ಗಾಬರಿಯಾಗಿ ಶೀಟಿ ಊದಿದ. ಬಸ್ಸು ನಿಂತಿತು. "ಯಾರಿಗ್ರಿ? ಎಲ್ಲಿಗೆ ಹೋಗಾಕ?"

"ಹಸಿಗಾಳಿಗ್ರಿ!" ಎಂದ ಮಾವ. "ಬಿಸಿ ಒಳಗ ಹಾಕಿದ್ರ ಸಾಲಂಗಿಲ್ಲ. ಹಸಿ ಹೊರಗ ಹೋಗಬೇಕು! ನಾ ಕಪಾಟದ ಬಾಯಿ ಮೂಗು ಮುಚ್ಚಿ, ಉಸರ ಬಿಡು ಅಂದ್ರ ಅದು ಹೆಂಗ ಬಿಟ್ಟೀತ್ರಿ?"

ಕಂಡಕ್ಟರ್ ಅತ್ತೆಯ ಮುಖ ನೋಡಿದ. "ಹಂಗ ಮಾಡ್ತಾರ, ಬಿಡ್ರಿ," ಎಂದಳು ಅತ್ತೆ. ಬಸ್ಸು ಹೊರಟಿತು.

ಮನೆಗೆ ಬಂದವನೇ ಚಪ್ಪಲಿಯನ್ನೂ ಬಿಡದೆ ಕಪಾಟಿನ ನೆತ್ತಿಗೆ ತೂತು ಕೊರೆದ. ತಗಡಿನ ಕೊಳವೆ ಹಚ್ಚಿ ಗೋಡೆಯಾಚೆ ಬಿಟ್ಟ. ಹಲ್ಲಿ ನುಗ್ಗಬಾರದೆಂದು ಕೊಳವೆಯ ಬುಡಕ್ಕೆ ಸಣ್ಣ ಕಣ್ಣಿನ ತಂತಿಯ ಜಾಳಿಗೆ ಬಿಗಿದ. ಸಂದಿನ ಕಣಕ ಕಿತ್ತು ಕೋಳಿಗೆ ಹಾಕಿದ. ಮರುದಿನ ಪಂಖಾ ತಿರುಗಿಸಿದರೆ ಕೊಳವೆಯ ಬಾಯಲ್ಲಿ ಉಗಿಬಂಡಿಯ ಹಾಗೆ ಹಬೆ ಎದ್ದಿತು. ಅತ್ತೆಯ ಅಡುಗೆ ಮುಗಿಯುವಷ್ಟರಲ್ಲಿ ಧೋತರ ಗರಿಗರಿ! ಮಾವ ಅದನ್ನು ಹೆಗಲಿಗೆ ಹಾಕಿಕೊಂಡು ಓಣಿಯುದ್ದಕ್ಕೂ ಮೆರವಣಿಗೆ ಹೋಗಿ ಬಂದ.

ಆದರೆ ಕೆಲವು ದಿನ ಕಳೆದಂತೆ ಕಪಾಟು ಮತ್ತೆ ಮೈಗಳ್ಳತನ ಶುರು ಮಾಡಿತು. ಮುಂಜಾನೆ ಹಾಕಿದ್ದು ಸಂಜೆಗೂ ಹಸಿಹಸಿ. ಮಾವ ಇದ್ದಿಲನ್ನು ಬೈದ, ಪಂಖಾವನ್ನು ಬೈದ. ಅತ್ತೆ ಸುಮ್ಮನೆ ಸ್ಟೂಲು ಹತ್ತಿ ಜಾಳಿಗೆಯನ್ನು ಬಿಚ್ಚಿದಳು. ಕೌದಿ, ಧೋತರಗಳಿಂದ ಉದುರಿದ ನೂಲಿನ ನವಿರೆಲ್ಲ ಅಲ್ಲಿ ಹೋಗಿ ಕೂತು, ಬೆಕ್ಕಿನ ಮರಿಯ ಹಾಗೆ ಮೆತ್ತಗೆ ಉಂಡೆಗಟ್ಟಿತ್ತು.

"ತಗೋರಿ. ನಿಮ್ಮ ಮಷೀನ್ ಮೂಗಿನ್ಯಾಗ ಅರಳಿ ತುಂಬೈತಿ. ಒಲಿ ಹಚ್ಚೂಕ್ಕಿಂತ ಮೊದಲ ದಿನಾ ಇದನ್ನ ಜಾಡಸ್ರಿ. ಇಲ್ಲಂದ್ರ ಒಂದ ಕಿಡಿ ಸಿಡದ್ರ ಧೋತ್ರದ ಹೋಳಿ ಹುಣ್ಣಿವಿ ಆಕ್ಕೈತಿ."

ಅಂದಿನಿಂದ ಕಪಾಟು ಕೈ ಕೊಡಲಿಲ್ಲ. ಆ ವಾರವೇ ಒಂದು ದಿನ ಅತ್ತೆ ರೊಟ್ಟಿ ಬಡಿಯುತ್ತ ನನ್ನನ್ನು ಹತ್ತಿರ ಕರೆದಳು.

"ಮಾಳಿಗಿ ಮೆಟ್ಟಲ ಕೆಳಗ, ಕಟಗಿ ಹಿಂದ ಒಣಗಾಕ ಹಾಕೀಯಲ್ಲ, ಅವನ್ನ ತಗೊಂಡ ಬಾ. ಮತ್ತೊಮ್ಮೆ ತೊಳದ, ಕಪಾಟದಾಗ ಹಾಕು."

ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ತಿಂಗಳ ಆ ದಿನಗಳ ಬಟ್ಟೆ ಅವು. ಆಗೆಲ್ಲ ನಾವು ಹಳೆ ಸೀರೆಯ ತುಂಡು ಬಳಸಿ, ತೊಳೆದು, ಮತ್ತೆ ಬಳಸುತ್ತಿದ್ದೆವು. ಸುತ್ತ ಮಾಳಿಗೆಗಳ ಕಣ್ಣು ಬೀಳುವ ಅಂಗಳದಲ್ಲಿ ಅವನ್ನು ಹಗ್ಗಕ್ಕೆ ಹಾಕುವಂತಿರಲಿಲ್ಲ. ವಿಜಾಪುರದ ಅಷ್ಟೊಂದು ಬಿಸಿಲಿನಲ್ಲಿ ಅವುಗಳ ಪಾಲಿಗೆ ಒಂದು ಕಿರಣವೂ ಇರಲಿಲ್ಲ. ಕತ್ತಲಲ್ಲಿ, ಮಳೆಯ ತೇವದಲ್ಲಿ ಅವು ಒಣಗುತ್ತಲೇ ಇರಲಿಲ್ಲ. ಹಸಿಯನ್ನೇ ಉಟ್ಟು ಶಾಲೆಗೆ ನಡೆದು, ತೊಡೆಯೆಲ್ಲ ಹುಣ್ಣಾಗಿ, ಜ್ವರ ಬಂದು ಮಲಗುತ್ತಿದ್ದೆ.

"ಮಾವಗ ಗೊತ್ತಾದ್ರ?" ಎಂದೆ.

ಅತ್ತೆ ರೊಟ್ಟಿಯಿಂದ ಕಣ್ಣೆತ್ತಲಿಲ್ಲ. "ಹುಚ್ಚಿ, ಆ ಕಪಾಟ ಧೋತ್ರಕ್ಕ ಮಾಡ್ಯಾರ ಅಂತ ತಿಳದೀಯೇನ? ನಿನ್ನ ಜ್ವರ ಯಾತಕ್ಕ ಅಂತ ನಾನ ಅವರಿಗೆ ಹೇಳಿದೆ. ಮರುದಿನ ತಗಡ ಹೇರಕೊಂಡ ಬಂದ್ರು. 'ಪಕ್ಕಾ ಆಗೂತನಕ ಆಕಿಗೆ ಹೇಳಬ್ಯಾಡ, ನಡುವ ಕೈ ಕೊಟ್ರ ಹುಡಗಿಗೆ ಫಜೀತಿ' ಅಂದಾರ."

ಹಬ್ಬಕ್ಕೆ ಅಪ್ಪ ತಿಕೋಟದಿಂದ ಬಂದ, ನನ್ನನ್ನು ಕರೆದೊಯ್ಯಲು ಎತ್ತಿನ ಗಾಡಿಯನ್ನೇ ಕಟ್ಟಿಕೊಂಡು. ಓಣಿಯ ಗಂಡಸರೆಲ್ಲ ಅವನನ್ನು ಹಿತ್ತಲಿಗೆ ಕರೆತಂದು ಕಪಾಟು ತೋರಿಸಿದರು.

"ಸುಡೂ ಬಿಸಲಿನ ಊರಾಗ ಇದೇನ ಹುಚ್ಚೋ ನಿಂದು?" ಎಂದು ಅಪ್ಪ ಹೊಟ್ಟೆ ಹಿಡಿದು ನಕ್ಕ.

"ಏನ್ ಮಾಡೂದು ಭಾವಾ, ನನ್ನ ಧೋತ್ರಾನ ಹಂಗ. ಬಿಸಲಂದ್ರ ಅಂಜತಾವ!" ಎಂದ ಮಾವ, ಎಲ್ಲರಿಗಿಂತ ಜೋರಾಗಿ ನಗುತ್ತ.

ಆಮೇಲೆ ಅಪ್ಪ ನನ್ನ ಕಡೆ ತಿರುಗಿದ. "ಈ ತಿಂಗಳ ಜ್ವರ ಬಂದಿತ್ತೇನ ಬೇ?"

"ಇಲ್ಲ," ಎಂದೆ.

ಅಪ್ಪ ನನ್ನ ಹಣೆ ಮುಟ್ಟಿ ನೋಡಿದ. "ಹಂಗಾದ್ರ ಇರು," ಎಂದ.

ಮಾವ ಟೊಪ್ಪಿಗೆ ಹಾಕಿಕೊಂಡ. "ನಡೀರಿ ನಡೀರಿ, ಎಲ್ಲಾರೂ ಸ್ಟೇಷನ್ ರೋಡಿಗೆ ಚಾ ಕುಡಿಯೂಣು. ಮಷೀನ್ ಬಿಸಿ ಆಗೇತಿ, ಗಂಡಸರು ಸುತ್ತಮುತ್ತ ನಿಂತ್ರ ಅದು ಕೆಡ್ತದ!" ಎನ್ನುತ್ತ ಅಪ್ಪನನ್ನು, ಓಣಿಯವರನ್ನು ಕುರಿಹಿಂಡಿನ ಹಾಗೆ ಹೊರಗೆ ಅಟ್ಟಿಕೊಂಡು ಹೋದ. ನನ್ನ ಕಡೆ ಒಮ್ಮೆಯೂ ತಿರುಗಿ ನೋಡಲಿಲ್ಲ. ಅವರ ನಗು ಓಣಿಯ ತಿರುವಿನಲ್ಲಿ ಕರಗಿತು. ನಾನು ಕಪಾಟಿನ ಬಾಗಿಲು ತೆಗೆದೆ. ಒಳಗೆ ನನ್ನ ಬಟ್ಟೆಗಳು ಗರಿಗರಿಯಾಗಿ, ಆಗಷ್ಟೇ ಹಂಚಿನಿಂದ ಇಳಿಸಿದ ರೊಟ್ಟಿಯ ಹಾಗೆ ಬೆಚ್ಚಗಿದ್ದವು.